ಹಳೇ ಪಿಕಪ್ಪಿಗೆ ಹಿಮದ ಹಲಗೆ

ಮಂಗಳವಾರ, ಗುರುವಾರ, ಶನಿವಾರ. ವಾರಕ್ಕೆ ಈ ಮೂರು ದಿನ ನಮ್ಮ ಪಕ್ಕದ ಮನೆಯ ಅಜ್ಜನಿಗೆ ಡಯಾಲಿಸಿಸ್. ಬೆಳಗ್ಗೆ 5.45ಕ್ಕೆ ವ್ಯಾನ್ ಬರುತ್ತದೆ. ವ್ಯಾನಿನವರದು ಒಂದೇ ಷರತ್ತು. ಮನೆ ಬಾಗಿಲವರೆಗೆ ದಾರಿ ಇರಬೇಕು, ಇಲ್ಲದಿದ್ದರೆ ಅವರು ಡಾಂಬರು ರಸ್ತೆಯಿಂದಲೇ ತಿರುಗಿ ಹೋಗುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ. ವ್ಯಾನ್ ಹಿಮದಲ್ಲಿ ಹೂತುಕೊಂಡರೆ ಒಳಗಿರುವ ಉಳಿದ ರೋಗಿಗಳ ಸರದಿಯೂ ತಪ್ಪುತ್ತದೆ.

2022ರ ನವೆಂಬರ್ ಮೊದಲ ವಾರ, ಇಷ್ಟು ವರ್ಷ ನಮ್ಮ ದಾರಿಯ ಹಿಮ ತಳ್ಳುತ್ತಿದ್ದವರ ಫೋನ್ ಬಂತು. ಬೆನ್ನು ಕೈಕೊಟ್ಟಿದೆ, ಈ ಸಲ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂದರು. ನಾವು ಐದಾರು ಕಡೆ ಫೋನ್ ಮಾಡಿದೆವು. ಎಲ್ಲರದೂ ಒಂದೇ ಉತ್ತರ: ಗಿರಾಕಿಗಳು ಸೆಪ್ಟೆಂಬರಿನಲ್ಲೇ ಭರ್ತಿ.

ನಾವಿಬ್ಬರೂ ಇರುವುದು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಹೋಟನ್ ಊರಿನಿಂದ ಸ್ವಲ್ಪ ಹೊರಗೆ. ಒಬ್ಬರಿಗೆ ಇಲ್ಲಿ ಉದ್ಯೋಗ, ಇನ್ನೊಬ್ಬರು ಮನೆಯಿಂದಲೇ ಅನುವಾದ ಮಾಡುತ್ತೇವೆ. ಕೀವಿನಾ ಎಂಬ ಈ ಪರ್ಯಾಯ ದ್ವೀಪ ಸುಪೀರಿಯರ್ ಸರೋವರದೊಳಕ್ಕೆ ಬೆರಳಿನ ಹಾಗೆ ಚಾಚಿಕೊಂಡಿದೆ. ಸರೋವರ ಅಂದರೆ ಕೆರೆ ಅಂದುಕೊಳ್ಳಬೇಡಿ, 82,000 ಚದರ ಕಿಲೋಮೀಟರ್ ನೀರು. ನವೆಂಬರಿನಲ್ಲಿ ಕೆನಡಾದ ಕಡೆಯಿಂದ ಒಣ ಚಳಿಗಾಳಿ ಬೀಸುತ್ತದೆ. ಸರೋವರದ ನೀರು ಆಗ ಗಾಳಿಗಿಂತ ಬೆಚ್ಚಗಿರುತ್ತದೆ. ಗಾಳಿ ಅದರ ಮೇಲೆ ಹಾದು ಬರುವಾಗ ತೇವ ಹೀರಿಕೊಂಡು, ಇಲ್ಲಿನ ಗುಡ್ಡಸಾಲಿಗೆ ಬಡಿದು ಮೇಲೇರಿ, ಅಲ್ಲಿಯೇ ಸುರಿದುಬಿಡುತ್ತದೆ. ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿಯುವ ಲೆಕ್ಕವೇ ಇದೂ. ಅಲ್ಲಿ ಮಳೆ, ಇಲ್ಲಿ ಹಿಮ. ವರ್ಷಕ್ಕೆ 200 ಇಂಚು ಇಲ್ಲಿ ಸಾಮಾನ್ಯ. 1978–79ರ ಚಳಿಗಾಲದಲ್ಲಿ ಬಿದ್ದದ್ದು 390.4 ಇಂಚು, ಹತ್ತಿರ ಹತ್ತಿರ 10 ಮೀಟರ್. ಉತ್ತರಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಆ ಎತ್ತರದ ಒಂದು ಕಂಬವನ್ನೇ ನಿಲ್ಲಿಸಿದ್ದಾರೆ. ನೋಡಲು ಥರ್ಮಾಮೀಟರಿನ ಹಾಗಿದೆ.

ಡಾಂಬರು ರಸ್ತೆಯನ್ನು ಕೌಂಟಿಯವರು ಸ್ವಚ್ಛ ಮಾಡುತ್ತಾರೆ. ಅಲ್ಲಿಂದ ನಮ್ಮ ಮೂರು ಮನೆಗಳಿಗೆ ಬರುವ 300 ಮೀಟರ್ ಮಣ್ಣು ದಾರಿ ನಮ್ಮ ಸ್ವಂತದ್ದು. ಮೊದಲ ಹಿಮ ಬಿದ್ದ ದಿನ ನಾವು ಕೈಯಲ್ಲೇ ತಳ್ಳಲು ಹೊರಟೆವು. ಇಲ್ಲಿಯವರು ಬಳಸುವ ದೊಡ್ಡ ತಗಡಿನ ಮೊರದಂಥ ಸಾಧನವೊಂದಿದೆ, ಎರಡು ಕೈಯಲ್ಲಿ ಹಿಡಿದು ದೂಡಿಕೊಂಡು ಹೋಗುವುದು. ಲೆಕ್ಕ ಹಾಕಿ ನೋಡಿ: 300 ಮೀಟರ್ ಉದ್ದ, 3 ಮೀಟರ್ ಅಗಲ, ಒಂದು ಅಡಿ ದಪ್ಪ. ಸುಮಾರು 270 ಘನ ಮೀಟರ್. ಹೊಸ ಹಿಮ ಹತ್ತಿಯಂತೆ ಹಗುರ ಎನ್ನುತ್ತಾರೆ, ಆದರೂ ಘನ ಮೀಟರಿಗೆ 80 ಕಿಲೋ ಎಂದು ಹಿಡಿದರೆ 21 ಟನ್ ದಾಟುತ್ತದೆ. ನಾಲ್ಕು ಗಂಟೆ ದೂಡಿದ ಮೇಲೆ ನಾವು ಅರ್ಧ ದಾರಿಯಲ್ಲಿದ್ದೆವು. ಹಿಂದೆ ತಿರುಗಿ ನೋಡಿದರೆ ಆಗಲೇ ನಾಲ್ಕು ಬೆರಳು ಹೊಸ ಹಿಮ. ಪುಣ್ಯಕ್ಕೆ ಅಂದು ಸೋಮವಾರ.

ನಮ್ಮ ಹತ್ತಿರ ಒಂದು ಪಿಕಪ್ ಇತ್ತು. 1995ರ ಶೆವ್ರೊಲೆ ಕೆ2500, ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಸಿಗುವ ಗಾಡಿ. ಸೌದೆ ತರಲೆಂದು 3,200 ಡಾಲರಿಗೆ ಕೊಂಡಿದ್ದೆವು. ಅದರ ಮುಂದೆ ಹಿಮ ತಳ್ಳುವ ಪ್ಲೋ ಕಟ್ಟಿದರೆ ಮುಗಿಯಿತಲ್ಲ ಅನ್ನಿಸಿತು. ಹೊಸ ಪ್ಲೋ ಅಂದರೆ ಗಾಡಿಗಿಂತ ಹೆಚ್ಚು ಬೆಲೆ. ಹಳೆಯದು ಹುಡುಕಿದೆವು. 40 ಕಿಲೋಮೀಟರ್ ದೂರದ ಒಂದು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ ಏಳೂವರೆ ಅಡಿಯ ಕೆಂಪು ಪ್ಲೋ ಸಿಕ್ಕಿತು, 900 ಡಾಲರ್.

ಪ್ಲೋ ಅಂದರೆ ನೇಗಿಲು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಇದು ಉಳುವುದಿಲ್ಲ. ನಾಟಿಗೆ ಮುಂಚೆ ಗದ್ದೆಯಲ್ಲಿ ಎತ್ತಿಗೆ ಕಟ್ಟಿ ಕೆಸರು ಮಟ್ಟ ಮಾಡುವ ಹಲಗೆ ಇದೆಯಲ್ಲ, ಅದರ ಅಣ್ಣ ಇದು. ಎತ್ತಿನ ಹಿಂದೆ ಎಳೆಯುವ ಬದಲು ಗಾಡಿಯ ಮುಂದೆ ತಳ್ಳುವುದು. ಬಾಗಿದ ಉಕ್ಕಿನ ಹಲಗೆ, ಅದರ ಬುಡಕ್ಕೆ ಸವೆದರೆ ಬದಲಿಸಬಹುದಾದ ಒಂದು ಪಟ್ಟಿ. ಹಿಂದೆ ‘ಎ’ ಆಕಾರದ ಚೌಕಟ್ಟು. ಹಲಗೆಯನ್ನು ಎತ್ತಲು ಒಂದು ಹೈಡ್ರಾಲಿಕ್ ಕೊಳವೆ, ಎಡಕ್ಕೂ ಬಲಕ್ಕೂ ತಿರುಗಿಸಲು ಎರಡು. ಅವಕ್ಕೆ ಎಣ್ಣೆ ಒತ್ತುವ ಪಂಪ್, ಪಂಪನ್ನು ತಿರುಗಿಸುವ ಬ್ಯಾಟರಿ ಮೋಟಾರು. ಕಲ್ಲಿಗೆ ತಾಗಿದರೆ ಹಲಗೆ ಮುಂದಕ್ಕೆ ಮಗುಚಿ ಮತ್ತೆ ಎದ್ದು ನಿಲ್ಲಲು ದಪ್ಪ ಸ್ಪ್ರಿಂಗುಗಳು.

ನಾವು ನೋಡಿದ್ದು ಹಲಗೆ, ಹಲಗೆಯ ಬಣ್ಣ. ತುಕ್ಕು ಕಡಿಮೆ ಇದೆ, ಡೊಂಕಾಗಿಲ್ಲ, ಕೊಟ್ಟವರೂ ಒಳ್ಳೆಯವರು. ನಾಲ್ಕು ಜನ ಸೇರಿ ಪಿಕಪ್ಪಿನ ಹಿಂದಕ್ಕೆ ಎತ್ತಿ ಹಾಕಿಕೊಂಡು, ಸಂತೆಯಿಂದ ಹೋರಿ ತಂದವರ ಹಾಗೆ ಮನೆಗೆ ಬಂದೆವು.

ಅಜ್ಜ ಕಿಟಕಿಯಿಂದ ನೋಡಿದವರು ಕೋಟು ಹಾಕಿಕೊಂಡು ಹೊರಗೆ ಬಂದರು. ಅವರಿಗೆ ಆಗ 80 ವರ್ಷ. ಫಿನ್‌ಲೆಂಡಿನಿಂದ ತಾಮ್ರದ ಗಣಿಗೆ ಬಂದವರ ಮೊಮ್ಮಗ. ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, 1968ರ ಮುಷ್ಕರದ ನಂತರ ಇಲ್ಲಿನ ಆ ದೊಡ್ಡ ಗಣಿಗಳು ಮುಚ್ಚಿದ ಮೇಲೆ ಜೀವನವಿಡೀ ಟ್ರಕ್ಕು ರಿಪೇರಿ ಮಾಡಿದವರು. ಅವರು ಹಲಗೆಯನ್ನು ನೋಡಲೇ ಇಲ್ಲ. ಬಗ್ಗಿ ಹಿಂದಿನ ಚೌಕಟ್ಟಿನ ತೂತುಗಳಿಗೆ ಬೆರಳು ಹಾಕಿದರು. ದುಂಡಗಿರಬೇಕಾದ ತೂತು ಮೊಟ್ಟೆಯಾಕಾರವಾಗಿತ್ತು. “ಹಲಗೆಗೆ ಏನೂ ಆಗುವುದಿಲ್ಲ. ಅದು ಬರೀ ತಗಡು. ಯಾವುದು ಅದನ್ನು ಹೊರುತ್ತದೋ ಅದನ್ನು ನೋಡಬೇಕು” ಅಂದರು. ಆಮೇಲೆ ಕೇಳಿದರು: “ಮೌಂಟ್ ಎಲ್ಲಿ?”

ಮೌಂಟ್ ಅಂದರೆ ಗಾಡಿಯ ಚಾಸಿಗೆ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಕೊಂಡಿ. ಪ್ಲೋ ಅದಕ್ಕೆ ಎರಡು ಪಿನ್ನುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ಪ್ಲೋ ಹಲವು ಗಾಡಿಗೆ ಆಗಬಹುದು, ಆದರೆ ಮೌಂಟ್ ಆಯಾ ಗಾಡಿಯ ಚಾಸಿಗೇ ಅಳತೆ ಮಾಡಿದ್ದು. ನಾವು ತಂದ ಪ್ಲೋ ಹಿಂದೆ ಇದ್ದದ್ದು ಬೇರೆ ಕಂಪನಿಯ ಗಾಡಿಯಲ್ಲಿ. ಅದರ ಜೊತೆ ಕೊಟ್ಟ ಮೌಂಟ್ ನಮ್ಮ ಶೆವ್ರೊಲೆಗೆ ಎರಡು ಇಂಚು ಅಗಲ ಹೆಚ್ಚು. ಕೊಳ್ಳುವಾಗ ನಾವು ಅಳೆದಿರಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ತಂದ ಹಾಗಾಯ್ತು.

ನಮ್ಮ ತಲೆಗೆ ತಟ್ಟನೆ ಹೊಳೆದದ್ದು ವೆಲ್ಡಿಂಗ್. ಎರಡು ಪಟ್ಟಿ ಇಟ್ಟು ಬೆಸೆದರೆ ಆಗುತ್ತದಲ್ಲ? ಅಜ್ಜ ತಲೆ ಅಡ್ಡ ಆಡಿಸಿದರು. ಚಾಸಿನ ಉಕ್ಕಿಗೆ ಬೆಂಕಿ ತಾಗಿಸಿದರೆ ಬೆಸುಗೆಯ ಪಕ್ಕದಲ್ಲೇ ಅದು ಪೆಡಸಾಗಿ, ಒಂದು ದಿನ ಅಲ್ಲಿಂದಲೇ ಬಿರುಕು ಬಿಡುತ್ತದೆ. ಅಲ್ಲದೆ ಈ ಗಾಡಿಯಲ್ಲಿ ಚಾಲಕನ ಏರ್‌ಬ್ಯಾಗ್ ಇದೆ. ಮುಂಭಾಗ ಎಷ್ಟು ಗಟ್ಟಿ, ಗುದ್ದಿದಾಗ ಎಷ್ಟು ಮಡಚಬೇಕು ಎಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಮನಸ್ಸಿಗೆ ಬಂದಂತೆ ಕಬ್ಬಿಣ ಬೆಸೆದರೆ ಆ ಲೆಕ್ಕ ತಪ್ಪುತ್ತದೆ. “ನಿಮಗೆ ಬೇಕಾದದ್ದು ಇದೇ ಗಾಡಿಯ ಮೌಂಟ್. ಗುಜರಿಯಲ್ಲಿ ಹುಡುಕಿ” ಅಂದರು.

ಮೂರನೆಯ ಗುಜರಿಯಲ್ಲಿ ಸಿಕ್ಕಿತು, 250 ಡಾಲರ್. ಅದನ್ನು ಬಿಗಿಯುವ ಮೊದಲು ಅಜ್ಜ ನಮ್ಮ ಕೈಗೊಂದು ಸುತ್ತಿಗೆ ಕೊಟ್ಟು ಗಾಡಿಯ ಕೆಳಗೆ ಮಲಗಿಸಿದರು. ಚಾಸಿನ ಉದ್ದಕ್ಕೂ ಬಡಿಯುತ್ತಾ ಹೋಗಬೇಕು. ಟಣ್ ಅಂದರೆ ಉಕ್ಕಿದೆ, ದಬ್ ಅಂದರೆ ಒಳಗೆ ತುಕ್ಕು ತಿಂದಿದೆ. ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, 27 ವರ್ಷದ ಗಾಡಿಯೊಂದು ಎಷ್ಟು ಉಪ್ಪು ತಿಂದಿರಬಹುದು! ಮಡಕೆ ಕೊಳ್ಳುವಾಗ ಅಮ್ಮ ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದದ್ದು ನೆನಪಾಯಿತು. ನಮ್ಮದು ಮುಂದೆಲ್ಲ ಟಣ್ ಅಂದಿತು, ಹಿಂದೆ ಒಂದು ಕಡೆ ದಬ್. ಅಲ್ಲಿ ಭಾರ ಬೀಳುವುದಿಲ್ಲ, ಬೇಸಿಗೆಗೆ ನೋಡೋಣ ಅಂದರು ಅಜ್ಜ. ಮೊಟ್ಟೆಯಾಕಾರದ ತೂತುಗಳನ್ನು ವರ್ಕ್‌ಶಾಪಿನಲ್ಲಿ ಕೊರೆಸಿ ಬುಶ್ ಹಾಕಿಸಿದೆವು. ಪಿನ್ನು ಎರಡೂ ಹೊಸದು.

ನಂತರ ಕರೆಂಟಿನ ಕೆಲಸ. ಹಲಗೆ ಎತ್ತುವಾಗ ಆ ಪುಟ್ಟ ಮೋಟಾರು 200 ಆಂಪಿಯರಿನವರೆಗೂ ಎಳೆಯುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಅದು 2,400 ವ್ಯಾಟ್, ಎರಡು ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಾಕಿದಷ್ಟು. ಅದಕ್ಕೇ ಬ್ಯಾಟರಿಯಿಂದ ಹೆಬ್ಬೆರಳು ದಪ್ಪದ ತಂತಿ ಬೇಕು, ಹೋಗುವುದಕ್ಕೊಂದು, ವಾಪಸು ಬರುವುದಕ್ಕೊಂದು. ಹೋಗುವ ತಂತಿಯನ್ನು ನಾವು ಶ್ರದ್ಧೆಯಿಂದ ಹಾಕಿದೆವು. ವಾಪಸು ತಂತಿಯನ್ನು ಕೈಗೆ ಸಿಕ್ಕಿದ ಬೋಲ್ಟಿಗೆ ಸುತ್ತಿ ಬಿಗಿದೆವು. ಈ ಮಾತಿಗೆ ಮತ್ತೆ ಬರುತ್ತೇವೆ.

ದೀಪದ್ದೂ ಒಂದು ಕಥೆ. ಹಲಗೆ ಎತ್ತಿದರೆ ಗಾಡಿಯ ಹೆಡ್‌ಲೈಟ್ ಮುಚ್ಚಿಹೋಗುತ್ತದೆ. ಅದಕ್ಕೆ ಪ್ಲೋದ ಮೇಲೆಯೇ ಎತ್ತರದಲ್ಲಿ ಇನ್ನೊಂದು ಜೋಡಿ ದೀಪ ಇರುತ್ತದೆ. ಅದರ ವೈರಿಂಗಿಗೇ ಒಂದು ಶನಿವಾರ, ಒಂದು ಭಾನುವಾರ ಹೋಯಿತು. ಒಬ್ಬರು ಕೆಳಗೆ ಮಲಗಿ, ಒಬ್ಬರು ಟಾರ್ಚ್ ಹಿಡಿದು. ಚಳಿ ಮೈನಸ್ 8. ಬೆರಳು ಮರಗಟ್ಟಿ ನಟ್ಟು ಕೈಯಿಂದ ಜಾರಿದರೆ ಹಿಮದೊಳಗೆ ಮಾಯ, ಅದು ಸಿಗುವುದು ಇನ್ನು ಏಪ್ರಿಲಿಗೆ.

ಅಪಾಯ ಬಂದದ್ದು ಎಣ್ಣೆಯ ದಿನ. ಪಂಪಿನ ಹಳೆ ಎಣ್ಣೆ ಇಳಿಸಿದರೆ ಮಜ್ಜಿಗೆಯ ಬಣ್ಣ. ಅಂದರೆ ನೀರು ಸೇರಿದೆ, ಚಳಿ ಇಳಿದರೆ ಒಳಗೇ ಗಡ್ಡೆಕಟ್ಟಿ ಹಲಗೆ ಎದ್ದೇಳುವುದಿಲ್ಲ. ತೊಳೆದು ಹೊಸ ಎಣ್ಣೆ ಹಾಕಿದೆವು. ಸ್ವಿಚ್ ಒತ್ತಿದೆವು, ಹಲಗೆ ಎದ್ದಿತು! ನಾವು ಚಪ್ಪಾಳೆ ಹೊಡೆದೆವು. ಆಗ ಪೈಪಿನ ಒಂದು ಕಡೆ ಮಂಜಿನ ಹಾಗೆ ಏನೋ ಹಾರುವುದು ಕಂಡಿತು. ಸೋರುತ್ತಿದೆಯೇ ನೋಡೋಣ ಎಂದು ನಮ್ಮಲ್ಲೊಬ್ಬರು ಕೈ ಚಾಚಿದೆವು. ಚಟ್ ಅಂತ ಮುಂಗೈಗೆ ಪೆಟ್ಟು ಬಿತ್ತು. ಅಜ್ಜ ತಮ್ಮ ಊರುಗೋಲಿನಿಂದ ಹೊಡೆದಿದ್ದರು.

ಅವರು ಕೂಗಾಡಿದ್ದನ್ನು ನಾವು ನೋಡಿದ್ದು ಅದೊಂದೇ ಸಲ. ಆ ಪೈಪಿನಲ್ಲಿ ಒತ್ತಡ ಚದರ ಇಂಚಿಗೆ ಸಾವಿರ ಪೌಂಡು ದಾಟುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮವನ್ನು, ಕೈಗವಸನ್ನೂ, ಚುಚ್ಚಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯ, ನೋವೂ ಮೊದಲಿಗೆ ಇರುವುದಿಲ್ಲ. ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ತಕ್ಷಣ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೋ ಕೈಯೋ ಹೋಗಬಹುದು. ಸೋರಿಕೆ ನೋಡಬೇಕಾದರೆ ರಟ್ಟಿನ ತುಂಡು ಹಿಡಿಯಬೇಕು. ಪೈಪು ಬಿಚ್ಚುವ ಮೊದಲು ಹಲಗೆಯನ್ನು ನೆಲಕ್ಕೆ ಇಳಿಸಿ, ಗಾಡಿ ಆರಿಸಿ, ಒತ್ತಡ ಬಿಡಿಸಬೇಕು. ಎತ್ತಿದ ಹಲಗೆಯ ಕೆಳಗೆ ಎಂದೂ ಕೈ ಕಾಲು ಹಾಕಬಾರದು. ಇದನ್ನೆಲ್ಲ ಅಜ್ಜ ನಮ್ಮ ಅಡುಗೆಮನೆಯಲ್ಲಿ ಕೂತು, ಕಾಫಿ ಮುಟ್ಟದೆ ಹೇಳಿದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಎರಡು ಬೆರಳು ಹೋಗಿತ್ತಂತೆ.

ಎರಡು ಬೆರಳು ಅಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಗ್ರಾಮೀಣ ಪತ್ರಿಕೋದ್ಯಮ ಓದುತ್ತಿದ್ದಾಗ, ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಾವು ಮಲೆನಾಡಿನ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲೊಬ್ಬರು ಹಳೇ ಮೋಟಾರು, ಸೈಕಲ್ ಚೈನು, ಗುಜರಿಯ ಬೆಲ್ಟು ಸೇರಿಸಿ ಅಡಿಕೆ ಸುಲಿಯುವ ಯಂತ್ರ ಮಾಡಿಕೊಂಡಿದ್ದರು. ನಮಗೆ ಖುಷಿಯೋ ಖುಷಿ. ‘ಗುಜರಿಯಿಂದ ಗೆದ್ದ ರೈತ’ ಅಂತ ತಲೆಬರಹ ಕೊಟ್ಟೆವು. ಎಷ್ಟು ಖರ್ಚಾಯ್ತು, ದಿನಕ್ಕೆ ಎಷ್ಟು ಸುಲಿಯುತ್ತದೆ, ಎಷ್ಟು ಆಳು ಉಳಿಯಿತು ಎಂದೆಲ್ಲ ಕೇಳಿದೆವು. ಅವರ ಎಡಗೈಯಲ್ಲಿ ಎರಡು ಬೆರಳು ಅರ್ಧಕ್ಕೆ ಇರಲಿಲ್ಲ. ಅದನ್ನು ಕೇಳಲಿಲ್ಲ. ಫೋಟೋಗೆ ನಿಲ್ಲಿಸುವಾಗ ಎಡಗೈ ಯಂತ್ರದ ಹಿಂದೆ ಮರೆಯಾಗುವಂತೆ ನಾವೇ ನಿಲ್ಲಿಸಿದೆವು. ಬೆಲ್ಟಿನ ಮೇಲೆ ಒಂದು ತಗಡಿನ ಮುಚ್ಚಳ ಇತ್ತು, ಅಡ್ಡ ಬರುತ್ತದೆ ಎಂದು ತೆಗೆಸಿದ್ದೂ ನಾವೇ. ಯಂತ್ರ ಪೂರ್ತಿ ಕಾಣಲಿ ಅಂತ. ಬರಹ ಒಂದು ಪತ್ರಿಕೆಯಲ್ಲಿ ಬಂತು, ಒಳ್ಳೆಯ ಅಂಕವೂ ಬಂತು.

ಅಂಥ ಬರಹಗಳನ್ನು ಆಮೇಲೂ ಬೇಕಾದಷ್ಟು ಬರೆದಿದ್ದೇವೆ. ಹಳೇ ಸಾಮಾನಿಗೆ ಹೊಸ ಕೆಲಸ ಕಲಿಸಿದವರು ಅಂದರೆ ನಮಗೆ ಪ್ರೀತಿ. ಈಗಲೂ ಪ್ರೀತಿಯೇ. ಆದರೆ ಅಷ್ಟೂ ಬರಹಗಳಲ್ಲಿ ನಾವು ನೋಡಿದ್ದು ಹಲಗೆಯನ್ನೇ. ಅದನ್ನು ಯಾವುದು ಹೊರುತ್ತಿದೆ ಎಂದು ಒಂದರಲ್ಲೂ ಕೇಳಿಲ್ಲ. ಅದು ಆ ರಾತ್ರಿ ನಮಗೆ ಗೊತ್ತಾಯಿತು. ಯಾರೂ ಮಾತಾಡದೆ ಮಲಗಿದೆವು.

ಪೈಪು ಮೂರನ್ನೂ ಹೊಸದು ಹಾಕಿದೆವು. ಇನ್ನು ಎಲ್ಲ ಮುಗಿಯಿತು ಅಂದುಕೊಂಡು ಹಲಗೆ ಎತ್ತಿದರೆ ಗಾಡಿಯ ಮೂತಿ ಕೆಳಗೆ ಹೋಗಿ, ಬಾಲ ಮೇಲೆದ್ದಿತ್ತು. ಕೊಂಬು ತಗ್ಗಿಸಿದ ಹೋರಿಯ ಹಾಗೆ. ಈ ಗಾಡಿಯ ಮುಂದಿನ ಸಸ್ಪೆನ್ಶನ್ನಿನಲ್ಲಿ ಸುರುಳಿ ಸ್ಪ್ರಿಂಗಿಲ್ಲ, ಅದರ ಬದಲು ತಿರುಚಿಕೊಳ್ಳುವ ಉದ್ದದ ಉಕ್ಕಿನ ಸರಳುಗಳಿವೆ. ಅವುಗಳ ಬೋಲ್ಟನ್ನು ತಿರುಗಿಸಿದರೆ ಮೂತಿ ಮೇಲೇಳುತ್ತದೆ. ಬಹಳ ಜನ ಹಾಗೇ ಮಾಡಿ ಸುಮ್ಮನಾಗುತ್ತಾರೆ. ನಾವೂ ಸ್ಪ್ಯಾನರ್ ಹಿಡಿದು ಹೊರಟಿದ್ದೆವು.

ಅಜ್ಜ ಕೇಳಿದರು: “ಮೂತಿ ಎತ್ತಿದರೆ ಭಾರ ಎಲ್ಲಿ ಹೋಗುತ್ತದೆ?”

ಎಲ್ಲಿಗೂ ಹೋಗುವುದಿಲ್ಲ. ಎತ್ತರ ಸರಿಯಾಗುತ್ತದೆ, ಕಣ್ಣಿಗೆ ಸಮಾಧಾನವಾಗುತ್ತದೆ, ಆದರೆ ಅಚ್ಚು, ಬೇರಿಂಗು, ಟೈರು, ಬ್ರೇಕು ಹೊರುವ ತೂಕ ಅಷ್ಟೇ ಇರುತ್ತದೆ. ತೂಕ ನೋಡದೆ ಮಾತಾಡಬೇಡಿ ಎಂದು ಅವರು ನಮ್ಮನ್ನು ಗುಜರಿಯವರ ತೂಕದ ಕಾಟಾಕ್ಕೆ ಕಳಿಸಿದರು. ಊರಲ್ಲಿ ಕಬ್ಬಿನ ಗಾಡಿ ತೂಗುವಂಥದ್ದೇ ಕಾಟಾ. ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನದು ಮಾತ್ರ. ಪ್ಲೋ ಬಿಚ್ಚಿ ಒಮ್ಮೆ, ಕಟ್ಟಿ ಒಮ್ಮೆ.

ಪ್ಲೋದ ತೂಕ 320 ಕಿಲೋ. ಆದರೆ ಮುಂದಿನ ಅಚ್ಚಿನ ಮೇಲೆ ಹೆಚ್ಚಾದದ್ದು 320 ಅಲ್ಲ, 450. ಹಿಂದಿನ ಅಚ್ಚಿನಲ್ಲಿ 130 ಕಿಲೋ ಕಡಿಮೆಯಾಗಿತ್ತು. ಕಾಟಾ ಕೆಟ್ಟಿದೆ ಅಂದುಕೊಂಡೆವು. ಮನೆಗೆ ಬಂದು ಕಾಗದದಲ್ಲಿ ಬರೆದು ನೋಡಿದರೆ ಸರಿಯಾಗಿಯೇ ಇದೆ. ಪ್ಲೋ ಕೂತಿರುವುದು ಮುಂದಿನ ಅಚ್ಚಿನ ಮೇಲಲ್ಲ, ಅದಕ್ಕಿಂತ ನಾಲ್ಕೂವರೆ ಅಡಿ ಮುಂದೆ. ಗಾಡಿ ಒಂದು ಏತ ಇದ್ದ ಹಾಗೆ, ಮುಂದಿನ ಅಚ್ಚೇ ಅದರ ಕಂಬ. ಮುಂದಿನ ತುದಿಗೆ ಭಾರ ತೂಗುಹಾಕಿದರೆ ಹಿಂದಿನ ತುದಿ ಮೇಲೇಳುತ್ತದೆ, ಹಿಂದೆ ಕಳೆದ ತೂಕವೂ ಬಂದು ಮುಂದಿನ ಕಂಬದ ಮೇಲೇ ಕೂರುತ್ತದೆ. 320ಕ್ಕೆ 130 ಕೂಡಿಸಿ, 450. ಗಾಡಿಯ ಬಾಗಿಲ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಯಾವ ಅಚ್ಚು ಎಷ್ಟು ಹೊರಬಹುದು ಎಂದು. ನಮ್ಮದು ಒಬ್ಬರೇ ಚಾಲಕರಿದ್ದಾಗಲೂ ಆ ಮಿತಿಗಿಂತ 30 ಕಿಲೋ ಹೆಚ್ಚಿತ್ತು.

ಪರಿಹಾರ ಸಿಕ್ಕಿದ್ದು ಹಿಂದೆ. ಹಿಂದಿನ ಅಚ್ಚಿನಿಂದ ಮೂರು ಅಡಿ ಆಚೆಗೆ, ಬಾಲದ ಬಾಗಿಲಿಗೆ ಒತ್ತಿ, 27 ಕಿಲೋದ ಆರು ಮರಳಿನ ಚೀಲ ಇಟ್ಟು ಕಟ್ಟಿದೆವು. 162 ಕಿಲೋ. ಅದೇ ಏತ, ಈಗ ಉಲ್ಟಾ. ಬಾಲದಲ್ಲಿಟ್ಟ ಮರಳು ಮುಂದಿನಿಂದ 44 ಕಿಲೋ ಎತ್ತಿತು. ಮತ್ತೆ ಕಾಟಾಕ್ಕೆ ಹೋದೆವು. ಚೀಟಿಯ ಮಿತಿಗಿಂತ 14 ಕಿಲೋ ಕಡಿಮೆ. ಹಿಂದಿನ ಚಕ್ರಕ್ಕೆ ಹಿಡಿತವೂ ಬಂತು. ಭಾರ ಹೆಚ್ಚಿದ್ದ ಗಾಡಿಗೆ ಇನ್ನಷ್ಟು ಭಾರ ಹಾಕಿ ಸರಿಮಾಡಿದ್ದು ಎಂದು ಫೋನಿನಲ್ಲಿ ಹೇಳಿದರೆ ಊರಲ್ಲಿ ಅಪ್ಪ ನಂಬಲಿಲ್ಲ. ನಂತರ ಅವರೇ ಹೇಳಿದರು, ಎತ್ತಿನ ಗಾಡಿಗೆ ಹುಲ್ಲು ಹೇರುವಾಗಲೂ ಅದೇ ಅಲ್ಲವೇ, ಮುಂದೆ ಹೆಚ್ಚಾದರೆ ಎತ್ತಿನ ಕುತ್ತಿಗೆಗೆ, ಹಿಂದೆ ಹೆಚ್ಚಾದರೆ ನೊಗವೇ ಮೇಲೆ.

ಡಿಸೆಂಬರ್ ಮೊದಲ ಗುರುವಾರ ಪರೀಕ್ಷೆ ಬಂತು. ರಾತ್ರಿಯಿಡೀ ಸುರಿದು ಬೆಳಗ್ಗೆ 4 ಗಂಟೆಗೆ 14 ಇಂಚು. ಹಲಗೆ ಓರೆ ಮಾಡಿ, ಗಂಟೆಗೆ 10 ಮೈಲಿ ದಾಟದಂತೆ ಹೊರಟೆವು. ಅಜ್ಜ ಹೇಳಿಕೊಟ್ಟದ್ದು ಇಷ್ಟು: ಮೊದಲ ಹಿಮವನ್ನು ಆದಷ್ಟು ದೂರ ತಳ್ಳಿ, ಏಕೆಂದರೆ ಅಂಚಿನ ರಾಶಿ ಕಲ್ಲಾಗುತ್ತದೆ, ಜನವರಿಯಲ್ಲಿ ದಾರಿಯೇ ಕಿರಿದಾಗುತ್ತದೆ. ನೆಲ ಹೆಪ್ಪುಗಟ್ಟುವ ಮೊದಲು ಹಲಗೆಯನ್ನು ಒಂದಿಂಚು ಮೇಲಿಡಿ, ಇಲ್ಲದಿದ್ದರೆ ಜಲ್ಲಿಯೆಲ್ಲ ಹುಲ್ಲಿಗೆ ಹೋಗುತ್ತದೆ. ಹಿಮವನ್ನು ಸರ್ಕಾರಿ ರಸ್ತೆಗೆ ತಳ್ಳಿ ಬಿಟ್ಟುಬರಬೇಡಿ, ಮಿಷಿಗನ್ನಿನಲ್ಲಿ ಅದು ಕಾನೂನಿಗೆ ವಿರುದ್ಧ, ಬೇರೆಯವರ ಗಾಡಿಗೂ ಅಪಾಯ. ರಸ್ತೆಯಲ್ಲಿ ಪ್ಲೋ ಹೊತ್ತು ಹೋಗುವಾಗ ಹಲಗೆ ಓರೆಯಾಗಿ, ತಗ್ಗಿನಲ್ಲಿರಲಿ, ರೇಡಿಯೇಟರಿಗೆ ಗಾಳಿ ಬೇಕು. ಮಧ್ಯದಲ್ಲೊಮ್ಮೆ ಕಲ್ಲಿಗೆ ತಾಗಿ ಹಲಗೆ ಧಡಾರನೆ ಮಗುಚಿ ಎದ್ದಾಗ ನಮ್ಮ ಜೀವವೇ ಬಾಯಿಗೆ ಬಂತು. ಸ್ಪ್ರಿಂಗು ಅದರ ಕೆಲಸ ಮಾಡಿತ್ತು. 5.30ಕ್ಕೆ ದಾರಿ ಡಾಂಬರು ರಸ್ತೆಗೆ ಮುಟ್ಟಿತು. 5.45ಕ್ಕೆ ವ್ಯಾನ್ ಒಳಗೆ ಬಂತು. ಅಜ್ಜ ವ್ಯಾನ್ ಹತ್ತುವ ಮೊದಲು ನಮ್ಮ ಕಡೆ ಕೈ ಬೀಸಲಿಲ್ಲ, ಬಗ್ಗಿ ಪಿನ್ನು ಎರಡೂ ಸರಿಯಾಗಿ ಕೂತಿವೆಯೇ ನೋಡಿದರು.

ಜನವರಿಯ ಒಂದು ಶನಿವಾರ ಕೈಕೊಟ್ಟಿತು. ಮೈನಸ್ 22. ಸ್ವಿಚ್ ಒತ್ತಿದರೆ ಕಟ್ ಕಟ್ ಎಂಬ ಸದ್ದು ಮಾತ್ರ, ಹಲಗೆ ಏಳಲಿಲ್ಲ. ಎಣ್ಣೆ ಹೊಸದು, ಬ್ಯಾಟರಿ ಹೊಸದು. ನಲವತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕಿದ್ದು ನಾವು ಅಂದು ಸಿಕ್ಕಿದ ಬೋಲ್ಟಿಗೆ ಸುತ್ತಿದ್ದ ವಾಪಸು ತಂತಿ. ಬೋಲ್ಟಿನ ಕೆಳಗೆ ಬಣ್ಣ, ಬಣ್ಣದ ಮೇಲೆ ತುಕ್ಕು. ಕರೆಂಟು ಹೋಗಿತ್ತು, ವಾಪಸು ಬರಲು ದಾರಿ ಇರಲಿಲ್ಲ. ಬಣ್ಣ ಕೆರೆದು, ಗ್ರೀಸ್ ಹಚ್ಚಿ ಬಿಗಿಯುವ ಹೊತ್ತಿಗೆ ವ್ಯಾನ್ ಬಂದು ತಿರುಗಿ ಹೋಗಿತ್ತು. ಆಸ್ಪತ್ರೆಯವರು ಮಧ್ಯಾಹ್ನಕ್ಕೆ ಸರದಿ ಕೊಟ್ಟರು, ನಾವೇ ಕರೆದುಕೊಂಡು ಹೋದೆವು. ಅಜ್ಜ ದಾರಿಯಲ್ಲಿ ಏನೂ ಅನ್ನಲಿಲ್ಲ. ಅವರ ಕಾಲು ಬೆಳಗಿನಿಂದ ಊದಿಕೊಂಡಿತ್ತು. ಅಂದು ಹತ್ತು ನಿಮಿಷ ಉಳಿಸಿದ ನಮ್ಮ ಸೋಮಾರಿತನವನ್ನು ಹೊತ್ತದ್ದು ಆ ಕಾಲು.

ಆ ವಾರವೇ ನಾವು ಅಡಿಕೆ ಯಂತ್ರದವರಿಗೆ ಫೋನ್ ಮಾಡಿದೆವು. ಹಳೇ ಡೈರಿಯಲ್ಲಿ ನಂಬರ್ ಇತ್ತು, ಇನ್ನೂ ಅದೇ ನಂಬರ್. ನಮ್ಮ ನೆನಪು ಅವರಿಗೆ ಚೆನ್ನಾಗಿಯೇ ಇತ್ತು. ಸ್ವಲ್ಪ ಹೊತ್ತು ಅಡಿಕೆ ರೇಟು, ಮಳೆ, ಮಂಗನ ಕಾಟ ಎಲ್ಲ ಆದ ಮೇಲೆ, ಆವತ್ತು ಕೇಳಬೇಕಿದ್ದ ಪ್ರಶ್ನೆ ಕೇಳಿದೆವು. ಬೆರಳು ಹೇಗೆ ಹೋಯಿತು?

ಅವರು ನಕ್ಕರು. “ಬೆಲ್ಟಿಗೆ ಸಿಕ್ಕಿ. ಮೊದಲನೇ ವರ್ಷ ಮುಚ್ಚಳ ಇರಲಿಲ್ಲ ಮಾರಾಯ್ರೆ. ಬೆರಳು ಹೋದ ಮೇಲೆ ಮುಚ್ಚಳ ಮಾಡಿದ್ದು. ನೀವು ಫೋಟೋಗೆ ಅಂತ ತೆಗೆಸಿದಿರಲ್ಲ, ಅದೇ ಮುಚ್ಚಳ.” ಪತ್ರಿಕೆ ನೋಡಿ ನಾಲ್ಕೈದು ಜನ ಯಂತ್ರ ನೋಡಲು ಬಂದಿದ್ದರಂತೆ. “ಒಬ್ಬ ಫೋಟೋ ನೋಡಿಯೇ ಅರ್ಧ ಮಾಡಿಕೊಂಡು ಬಂದಿದ್ದ, ಮುಚ್ಚಳ ಇಲ್ಲದೆ. ನಾನು ಕೈ ತೋರಿಸಿದೆ. ಈಗ ಯಾರು ಬಂದರೂ ಮೊದಲು ಕೈ ತೋರಿಸ್ತೇನೆ, ಆಮೇಲೆ ಮುಚ್ಚಳ, ಕೊನೆಗೆ ಯಂತ್ರ.”

ನಾವು ಕ್ಷಮೆ ಕೇಳಿದೆವು. ಅವರಿಗೆ ಯಾಕೆ ಅಂತ ಅರ್ಥವಾಗಲಿಲ್ಲವೋ, ಅರ್ಥವಾಗದಂತೆ ಇದ್ದರೋ, “ಊರಿಗೆ ಬಂದಾಗ ಬನ್ನಿ, ಈಗ ಯಂತ್ರ ಬೇರೆಯೇ ಉಂಟು” ಅಂದರು.

ಆ ಚಳಿಗಾಲ ಮುಗಿಯುವವರೆಗೆ ಹಲಗೆ ಮತ್ತೆ ಕೈಕೊಡಲಿಲ್ಲ. ಏಪ್ರಿಲಿನಲ್ಲಿ ಬಿಚ್ಚಿ, ತೊಳೆದು, ಎಣ್ಣೆ ಸವರಿ ಇಟ್ಟೆವು. ಕಳೆದುಹೋದ ನಟ್ಟುಗಳಲ್ಲಿ ಐದು ಸಿಕ್ಕವು. ಲೆಕ್ಕ ಹಾಕಿದರೆ 900 ಡಾಲರಿನ ಪ್ಲೋ ನಮಗೆ ಬಿದ್ದದ್ದು 1,850 ಡಾಲರಿಗೆ. ಹೆಚ್ಚಿನ ದುಡ್ಡಿನಲ್ಲಿ ಹಲಗೆಗೆಂದು ಒಂದು ಡಾಲರೂ ಹೋಗಲಿಲ್ಲ. ಪಿನ್ನು, ಬುಶ್, ಪೈಪು, ತಂತಿ, ಮೌಂಟು, ಮರಳು.

ಕಸಿನ್ನುಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಪ್ಲೋದ ಫೋಟೋ ಕೇಳುತ್ತಿದ್ದರು. ಕೆಂಪು ಹಲಗೆ, ಬಿಳಿ ಹಿಮ, ಪಕ್ಕದಲ್ಲಿ ನಾವಿಬ್ಬರು. ಹಾಗೆ ತೆಗೆದರೆ ಚೆನ್ನಾಗಿಯೇ ಬರುತ್ತಿತ್ತು. ನಾವು ಹಿಂದಿನಿಂದ ತೆಗೆದು ಕಳಿಸಿದೆವು. ಹಲಗೆ ಕಾಣುವುದಿಲ್ಲ, ಬಾಲದ ಬಾಗಿಲು ತೆರೆದಿದೆ, ಆರು ಮರಳಿನ ಚೀಲ ಕಾಣುತ್ತದೆ. ಪ್ಲೋ ಎಲ್ಲಿ ಅಂತ ಎಲ್ಲರೂ ಕೇಳಿದರು. ಅಪ್ಪ ಮಾತ್ರ, ಚೀಲ ಸರಿಯಾಗಿ ಕಟ್ಟಿದ್ದೀರಾ ಅಂದರು.